ಲಿವರ್ ಡಾಕ್ಟರು ಪದೇ ಪದೇ ಕಾನ್ಫರೆನ್ಸ್‌ಗೆ ಹೋಗುವುದು ಕಲಿಯಲಿಕ್ಕಾ, ಮಜಾ ಮಾಡಲಿಕ್ಕಾ?

ತಂದೆಯವರಿಗೆ ಸಿರೋಸಿಸ್ (ಲಿವರ್ ಗಾಯಕಟ್ಟಿ ಗಟ್ಟಿಯಾಗುವ ಕಾಯಿಲೆ) ಇದೆ, ಬೇಕಾದಾಗ ಡಾಕ್ಟರು ಸಿಗುವುದಿಲ್ಲ, ಕೇಳಿದರೆ ‘ಸಿಎಂಇಗೆ (ಡಾಕ್ಟರುಗಳ ಮುಂದುವರಿದ ಕಲಿಕೆಯ ಸಭೆಗೆ) ಹೋಗಿದ್ದಾರೆ’ ಅನ್ನುತ್ತಾರೆ, ಇದೆಲ್ಲ ಔಷಧ ಕಂಪನಿ ದುಡ್ಡಿನ ತಿರುಗಾಟವೇ ಅಂತ ಕೇಳಿದ್ದೀರಿ. ನಾನೂ ಅದೇ ವಿಭಾಗದ ವೈದ್ಯ. ತಿರುಗಾಟವೂ ಇದೆ, ಕಲಿಕೆಯೂ ಇದೆ. ಆದರೆ ಎಲ್ಲಿಗೂ ಹೋಗದೆ, ಏನೂ ಓದದೆ ಕೂತ ಡಾಕ್ಟರಿಗಿಂತ ಇವರೇ ವಾಸಿ.

ನಿಮ್ಮ ತಂದೆಯವರ ಕಾಯಿಲೆಯನ್ನೇ ತಗೊಳ್ಳಿ. ಸಿರೋಸಿಸ್ ಅಂದ ತಕ್ಷಣ ಅನ್ನನಾಳದ ರಕ್ತನಾಳ ಉಬ್ಬಿದೆಯಾ ಅಂತ ಎಂಡೋಸ್ಕೋಪಿ ಮಾಡಿಸುವುದು ಹಿಂದಿನ ಪದ್ಧತಿ. ಈ ವಿಷಯದ ಪರಿಣತರು 1990ರಲ್ಲಿ ಇಟಲಿಯ ಬವೇನೋದಲ್ಲಿ ಸೇರಿದ್ದರು. ಆಮೇಲೂ ಕೆಲವು ವರ್ಷಕ್ಕೊಮ್ಮೆ ಸೇರಿ ಸಲಹೆಗಳನ್ನು ತಿದ್ದುತ್ತಾ ಬಂದಿದ್ದಾರೆ. ಕಾಯಿಲೆ ಇನ್ನೂ ಹತೋಟಿಯಲ್ಲಿದ್ದು, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್‌ನಲ್ಲಿ 20 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಬಂದು, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದರೆ ಸ್ಕೋಪ್ ಬೇಡ ಅಂದಿದ್ದು 2015ರಲ್ಲಿ. 2021ರ ಸಭೆಯಲ್ಲಿ ಇನ್ನೂ ಮುಂದೆ ಹೋದರು. ಲಿವರ್‌ಗೆ ಹೋಗುವ ರಕ್ತದ ಒತ್ತಡ ಒಂದು ಮಟ್ಟ ದಾಟಿದ್ದರೆ ರಕ್ತನಾಳ ಉಬ್ಬುವ ತನಕ ಕಾಯದೆ, ಆ ಒತ್ತಡ ಇಳಿಸುವ ಕಾರ್ವೆಡಿಲಾಲ್ ಮಾತ್ರೆ ಶುರು ಮಾಡಿ ಅಂದರು. ರಕ್ತಸ್ರಾವ ತಡೆಯುವುದಷ್ಟೇ ಅದರ ಉದ್ದೇಶವಲ್ಲ, ಹೊಟ್ಟೆಯಲ್ಲಿ ನೀರು ತುಂಬದಂತೆ ನೋಡಿಕೊಳ್ಳುವುದೂ ಹೌದು. ಇದನ್ನು ಕೇಳಿಸಿಕೊಳ್ಳದ ಡಾಕ್ಟರು ಇವತ್ತಿಗೂ ಹಳೆಯ ದಾರಿಯಲ್ಲೇ ಇರುತ್ತಾರೆ.

ಹೊಸ ಮಾತ್ರೆ ಬರೆಯುವುದನ್ನು ಕಲಿಸಲಿಕ್ಕೆ ಸಭೆಯೇ ಬೇಕಿಲ್ಲ, ಮೆಡಿಕಲ್ ರೆಪ್ ಬಾಗಿಲಲ್ಲೇ ನಿಂತು ಕಲಿಸುತ್ತಾನೆ. ಕಷ್ಟ ಇರುವುದು ಮಾಡುತ್ತಿದ್ದುದನ್ನು ಬಿಡುವುದರಲ್ಲಿ. ದಿಢೀರ್ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆಗಿ ಬಂದವರಿಗೆ ಧಾರಾಳವಾಗಿ ಡ್ರಿಪ್ ಹಾಕಿ ಅಂತಲೇ ವರ್ಷಗಟ್ಟಲೆ ಪಾಠವಾಗಿತ್ತು. 2022ರಲ್ಲಿ ಧಾರಾಳ ಡ್ರಿಪ್ಪನ್ನೂ ಹದವಾದ ಡ್ರಿಪ್ಪನ್ನೂ ಹೋಲಿಸಿದ ವಾಟರ್‌ಫಾಲ್ ಎಂಬ ಪ್ರಯೋಗದ ಫಲಿತಾಂಶ ಬಂತು. ಧಾರಾಳ ಡ್ರಿಪ್ ಹಾಕಿಸಿಕೊಂಡವರಲ್ಲಿ ಶೇ. 20.5 ಜನರಿಗೆ ಮೈಯಲ್ಲಿ ನೀರು ಹೆಚ್ಚಾಯಿತು, ಹದವಾಗಿ ಹಾಕಿಸಿಕೊಂಡವರಲ್ಲಿ ಶೇ. 6.3 ಜನರಿಗೆ ಮಾತ್ರ. ಕಾಯಿಲೆ ಉಲ್ಬಣಿಸುವುದನ್ನು ತಡೆಯುವಲ್ಲಿ ಲಾಭವೂ ಕಾಣಲಿಲ್ಲ. ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದರು. ಡ್ರಿಪ್ ಕಡಿಮೆ ಹಾಕಿ ಅಂತ ಹೇಳಲು ಯಾವ ಕಂಪನಿಯೂ ಊಟ ಹಾಕಿಸುವುದಿಲ್ಲ ನೋಡಿ. ಇಂಥದ್ದಕ್ಕೇ ಸಿಎಂಇ ಬೇಕು.

ಹಾಗಂತ ಭಾಷಣ ಕೇಳಿದ ಮಾತ್ರಕ್ಕೆ ಕೈ ಬದಲಾಗುವುದಿಲ್ಲ. ಕತ್ತಲೆ ಹಾಲ್, ನಲವತ್ತು ಸ್ಲೈಡು, ಕೊನೆಗೆ ಹಾಜರಾತಿಗೆ ಸಿಗುವ ಕ್ರೆಡಿಟ್ ಪಾಯಿಂಟು: ನನ್ನ ಪ್ರಕಾರ ಅದರಲ್ಲಿ ಅರ್ಧ ದಂಡ. ಪ್ರಯೋಜನಕ್ಕೆ ಬರುವುದು ನಮ್ಮದೇ ಲೆಕ್ಕ ನಮ್ಮ ಮುಂದಿಟ್ಟಾಗ. ಕೊಲೊನೋಸ್ಕೋಪಿಯಲ್ಲಿ (ದೊಡ್ಡ ಕರುಳಿನೊಳಗೆ ಸ್ಕೋಪ್ ಹಾಕಿ ನೋಡುವ ಪರೀಕ್ಷೆ) ನೂರು ಜನರಲ್ಲಿ ಎಷ್ಟು ಜನರಿಗೆ ಅಡಿನೋಮಾ ಗಂಟು (ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು) ಕಂಡುಹಿಡಿದೆವು ಅಂತ ಒಂದು ಅಳತೆ ಇದೆ. 2014ರ ದೊಡ್ಡ ಅಧ್ಯಯನವೊಂದರಲ್ಲಿ ಡಾಕ್ಟರ ಈ ಅಳತೆ ಶೇ. 1 ಹೆಚ್ಚಿದಂತೆಲ್ಲ ಅವರ ರೋಗಿಗಳಲ್ಲಿ ಮುಂದೆ ಕರುಳಿನ ಕ್ಯಾನ್ಸರ್ ಕಾಣಿಸುವ ಅಪಾಯ ಶೇ. 3 ಕಡಿಮೆಯಿತ್ತು. ಸ್ಕೋಪನ್ನು ಹಿಂದಕ್ಕೆಳೆಯುವಾಗ ಒಂದೊಂದು ಮಡಿಕೆಯ ಹಿಂಬದಿಗೂ ತಿರುಗಿಸಿ, ಉಳಿದ ನೀರು ಹೀರಿ, ಗೋಡೆ ತೊಳೆದು ನೋಡಬೇಕು. ಅವಸರ ಮಾಡಿದರೆ ಚಪ್ಪಟೆ ಗಂಟು ಕಣ್ತಪ್ಪುತ್ತದೆ. ಸಣ್ಣ ಗುಂಪಿನಲ್ಲಿ ಕೂತು ತಮ್ಮದೇ ವಿಡಿಯೋ ನೋಡಿ, ಪಕ್ಕದವರ ಅಂಕಿಯ ಜೊತೆ ತಮ್ಮದನ್ನು ಹೋಲಿಸಿಕೊಂಡವರು ಮರುದಿನವೇ ನಿಧಾನವಾಗುತ್ತಾರೆ. ಮುಜುಗರ ಒಳ್ಳೇ ಮೇಷ್ಟ್ರು.

ದುಡ್ಡಿನ ಬಗ್ಗೆ ನಿಮ್ಮ ಅನುಮಾನ ಸುಳ್ಳಲ್ಲ. ಭಾಷಣಕಾರರು ಯಾರಿಂದ ಹಣ ಪಡೆದಿದ್ದಾರೆ ಅಂತ ತೋರಿಸುವ ಸ್ಲೈಡು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತದೆ. ಒಂದೇ ಔಷಧದ ಹೆಸರು ಮತ್ತೆ ಮತ್ತೆ ಬಂದರೆ ನಾನಂತೂ ಎದ್ದು ಕಾಫಿಗೆ ಹೋಗುತ್ತೇನೆ.

ಮುಂದಿನ ಸಲ ಸಿಕ್ಕಾಗ ‘ಸರ್, ತಂದೆಗೆ ಎಂಡೋಸ್ಕೋಪಿ ಇನ್ನೂ ಬೇಕಾ, ಕಾರ್ವೆಡಿಲಾಲ್ ಕೊಡಬಹುದಾ?’ ಅಂತ ನೇರವಾಗಿ ಕೇಳಿ. ಅದು ಎಲ್ಲರಿಗೂ ಆಗುವ ಮಾತ್ರೆಯಲ್ಲ, ಆಸ್ತಮಾ ಇದ್ದರೆ, ಬಿಪಿ ತೀರ ಕಡಿಮೆ ಇದ್ದರೆ ಕೊಡುವುದಿಲ್ಲ. ನೀವಾಗಿ ತಂದು ಕೊಡಬೇಡಿ. ಅವರು ಊರಲ್ಲಿಲ್ಲದಾಗ ಯಾರಿಗೆ ತೋರಿಸಬೇಕು ಅಂತಲೂ ಮೊದಲೇ ಕೇಳಿಟ್ಟುಕೊಳ್ಳಿ. ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ತೊದಲುವ ಮಾತು, ಜ್ವರದ ಜೊತೆ ಹೊಟ್ಟೆನೋವು ಕಂಡರೆ ಅವರು ವಾಪಸ್ ಬರುವ ತನಕ ಕಾಯಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.