ಓದುಗರ ಪ್ರಶ್ನೆ, ತಜ್ಞರ ಉತ್ತರ: ರಾಯಚೂರಿನ ಬಿಸಿಲಿನಲ್ಲಿ ಕ್ಯಾಟ್‌ಮಿಂಟ್ ಬಾಳುತ್ತದೆಯೇ?

ಪ್ರಶ್ನೆ: ನನ್ನ ಮಗಳು ಅಮೆರಿಕದ ಒಹಾಯೊದಲ್ಲಿದ್ದಾಳೆ. ಅವಳ ಮನೆಯ ಕಾಲುದಾರಿಯ ಎರಡೂ ಬದಿಗೆ ಮೊಳಕಾಲೆತ್ತರಕ್ಕೂ ಬಾರದ, ಗಿಡ್ಡ ತಳಿಯ ಕ್ಯಾಟ್‌ಮಿಂಟ್ ಗಿಡಗಳಿವೆ. ಬೂದುಹಸಿರು ಎಲೆ, ನೀಲಿನೇರಳೆ ಹೂ, ದಿನವಿಡೀ ಜೇನುನೊಣ. ಒಮ್ಮೆ ನೆಟ್ಟ ಮೇಲೆ ವರ್ಷಕ್ಕೆ ಒಂದೆರಡು ಸಲ ಕತ್ತರಿ ಆಡಿಸಿದರೆ ಸಾಕು, ಬೇರೆ ಆರೈಕೆಯೇ ಬೇಡ ಎನ್ನುತ್ತಾಳೆ. ನಮ್ಮ ಮನೆಯ ಗೇಟಿನಿಂದ ಕಟ್ಟೆಯವರೆಗೆ ಅಂಥದೇ ಸಾಲು ಮಾಡಬೇಕೆಂದು ಆನ್‌ಲೈನ್‌ನಲ್ಲಿ ಬೀಜದ ಪೊಟ್ಟಣ ತರಿಸಿದ್ದೇನೆ. ನಮ್ಮದು ಎರೆಮಣ್ಣು, ಬೋರ್‌ವೆಲ್ ನೀರು ತುಸು ಉಪ್ಪು. ಯಾವಾಗ ಬಿತ್ತಲಿ?
ನಿವೃತ್ತ ಶಿಕ್ಷಕಿ, ರಾಯಚೂರು

ಉತ್ತರ: ಮೇಡಂ, ಸಾಲು ಮಾಡುವ ಆಸೆಯನ್ನು ಬಿಡಬೇಡಿ. ಆದರೆ ಆ ಸಾಲಿಗೆ ಕ್ಯಾಟ್‌ಮಿಂಟ್ ಬೇಡ. ಅದು ಬೇಕೇ ಬೇಕೆಂದರೆ ಕಟ್ಟೆಯ ಮೇಲೆ ಎರಡು ಮೂರು ಕುಂಡಗಳಲ್ಲಿ, ಚಳಿಗಾಲಕ್ಕೆ ಮಾತ್ರ ಬೆಳೆಸಿ.

ಮಗಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಅವರ ಊರಿನಲ್ಲಿ ಅದು ನಿಜವಾಗಿಯೂ ಸೋಮಾರಿಗಳ ಗಿಡ. ಅಮೆರಿಕದ ಬಹುವಾರ್ಷಿಕ ಸಸ್ಯಗಳ ಸಂಘವು 2007ರಲ್ಲಿ ವರ್ಷದ ಸಸ್ಯವೆಂದು ಆರಿಸಿದ್ದು ಇದರ ‘ವಾಕರ್ಸ್ ಲೋ’ ಎಂಬ ತಳಿಯನ್ನೇ. ಅದು ಎರಡೂವರೆ ಅಡಿಯವರೆಗೂ ಬೆಳೆದು ಮಗ್ಗುಲಿಗೆ ಬೀಳುತ್ತದೆಂಬ ಕಾರಣಕ್ಕೆ ಅನಂತರ ‘ಜೂನಿಯರ್ ವಾಕರ್’, ‘ಕ್ಯಾಟ್ಸ್ ಪಜಾಮಾಸ್’ ಮುಂತಾದ ಗಿಡ್ಡ ತಳಿಗಳು ಬಂದವು. ಇವು ಒಂದು, ಒಂದೂವರೆ ಅಡಿಗೆ ನಿಂತು ದುಂಡಗೆ ಹರಡಿಕೊಳ್ಳುತ್ತವೆ. ಮೊದಲ ಹೂ ಮುಗಿದೊಡನೆ ಗಿಡವನ್ನು ಅರ್ಧಕ್ಕೆ ಕತ್ತರಿಸಿದರೆ ಮತ್ತೆ ಚಿಗುರಿ ಹೂ ಬಿಡುತ್ತದೆ. ಮಗಳು ಹೇಳುವ ಕತ್ತರಿ ಕೆಲಸ ಇದೇ.

ಈ ಗಿಡದ ಬಲವಿರುವುದು ಅದರ ನಿದ್ದೆಯಲ್ಲಿ. ಅಲ್ಲಿ ಚಳಿಗಾಲದಲ್ಲಿ ಮೇಲಿನ ಭಾಗ ಪೂರ್ತಿ ಒಣಗಿ, ಬೇರು ನೆಲದೊಳಗೆ ತಿಂಗಳುಗಟ್ಟಲೆ ಮಲಗುತ್ತದೆ. ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿನ ಚಳಿಯನ್ನೂ ತಡೆದು ವಸಂತದಲ್ಲಿ ಎದ್ದು ಬರುತ್ತದೆ. ರಾಯಚೂರಿನಲ್ಲಿ ಅದಕ್ಕೆ ಮಲಗುವ ಋತುವೇ ಇಲ್ಲ. ಏಪ್ರಿಲ್, ಮೇ ತಿಂಗಳ 40 ದಾಟಿದ ಹಗಲು ಒಂದು ಕಷ್ಟವಾದರೆ, ಹೊತ್ತು ಮುಳುಗಿದ ಮೇಲೂ ಗೋಡೆ ನೆಲಗಳಿಂದ ಹೊರಡುವ ಝಳ ಇನ್ನೂ ದೊಡ್ಡ ಕಷ್ಟ. ರಾತ್ರಿ ತಂಪಾಗದಿದ್ದರೆ ಹಗಲು ಗಳಿಸಿದ್ದನ್ನು ಗಿಡ ರಾತ್ರಿಯೇ ಉಸಿರಾಟಕ್ಕೆ ಖರ್ಚು ಮಾಡಿಬಿಡುತ್ತದೆ. ಹಾಗೂ ಹೀಗೂ ಬೇಸಿಗೆ ದಾಟಿತು ಎನ್ನಿ, ಸೆಪ್ಟೆಂಬರಿನ ಮಳೆಗೆ ನಿಮ್ಮ ಎರೆಮಣ್ಣು ಉಬ್ಬಿ, ನೀರು ಹಿಡಿದು, ಬೇರಿಗೆ ಗಾಳಿಯೇ ಆಡದಂತಾಗುತ್ತದೆ. ಬುಡ ಕೊಳೆಯಲು ಅಷ್ಟು ಸಾಕು. ಒಹಾಯೊದಲ್ಲಿ ಆರೈಕೆ ಬೇಡದ ಗಿಡ ಇಲ್ಲಿ ತೊಟ್ಟಿಲ ಕೂಸಾಗುವುದು ಹೀಗೆ.

ಇನ್ನು ನಿಮ್ಮ ಪೊಟ್ಟಣದ ವಿಚಾರ. ತೋಟಗಳಲ್ಲಿ ಕಾಣುವ ಕ್ಯಾಟ್‌ಮಿಂಟ್ ಹೆಚ್ಚಾಗಿ ‘ನೆಪೆಟಾ ಫಾಸೇನಿ’ ಎಂಬ ಮಿಶ್ರತಳಿ. ಅದು ಮೊಳೆಯುವ ಬೀಜ ಕಟ್ಟುವುದಿಲ್ಲ. ಕಡ್ಡಿ ಊರಿ ಅಥವಾ ಬುಡ ಸೀಳಿ ಮಾತ್ರ ಸಸಿ ಮಾಡುತ್ತಾರೆ. ಆದ್ದರಿಂದ ಆ ತಳಿಗಳ ಹೆಸರು ಹಾಕಿ ಯಾರಾದರೂ ಬೀಜ ಮಾರಿದರೆ ಹೆಸರನ್ನು ನಂಬಬೇಡಿ. ಒಳಗಿರುವುದು ಬಹುಮಟ್ಟಿಗೆ ಕ್ಯಾಟ್‌ನಿಪ್, ಅಂದರೆ ‘ನೆಪೆಟಾ ಕಟಾರಿಯಾ’. ಅದು ಎರಡು ಮೂರು ಅಡಿ ಸಣಕಲಾಗಿ ಬೆಳೆಯುವ, ನೇರಳೆ ಚುಕ್ಕೆಯ ಬಿಳಿ ಹೂವಿನ ಗಿಡ. ಬೆಕ್ಕಿಗೆ ಪ್ರೀತಿಯಾದೀತು, ನಿಮ್ಮ ಕಣ್ಣಿಗೆ ಅಷ್ಟಕ್ಕಷ್ಟೇ. ನೀಲಿ ಹೂವಿನ ‘ನೆಪೆಟಾ ರೇಸಿಮೋಸಾ’ ಬೀಜದಿಂದ ಬರುತ್ತದೆ, ಪೊಟ್ಟಣದ ಮೇಲೆ ಆ ಹೆಸರಿದ್ದರೆ ಬಿತ್ತಿ ನೋಡಬಹುದು. ಮಗಳು ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ನಾಲ್ಕು ಕಡ್ಡಿ ತರಲಿ ಎಂಬ ಯೋಚನೆ ಇದ್ದರೆ ಈಗಲೇ ಬಿಡಿ. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ನೆಡುವ ಕಡ್ಡಿ ತರುವಂತಿಲ್ಲ.

ಬಿತ್ತುವುದಾದರೆ ದಸರೆ ಮುಗಿಯಲಿ. ಚಿತ್ತೆ ಮಳೆಯ ಜೋರು ಇಳಿದ ಮೇಲೆ ಟ್ರೇಯಲ್ಲಿ ತೆಳುವಾಗಿ ಮಣ್ಣು ಮುಚ್ಚಿ ಬಿತ್ತಿ. ಎರಡು ಮೂರು ವಾರಗಳಲ್ಲಿ ಮೊಳೆಯುತ್ತದೆ. ನಾಲ್ಕಾರು ಎಲೆಯಾದಾಗ ಹತ್ತು ಹನ್ನೆರಡು ಇಂಚಿನ ಮಣ್ಣಿನ ಕುಂಡಕ್ಕೆ ಒಂದೊಂದರಂತೆ ನೆಡಿ. ಎರೆಮಣ್ಣನ್ನು ಕುಂಡಕ್ಕೆ ತರಲೇಬೇಡಿ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ. ನಿಮ್ಮ ಕಡೆ ಅಕ್ಕಿ ಗಿರಣಿಗಳಿಗೆ ಬರವಿಲ್ಲ, ಕಪ್ಪಗೆ ಸುಟ್ಟ ಭತ್ತದ ಹೊಟ್ಟು ಸಿಕ್ಕರೆ ಎರಡು ಬೊಗಸೆ ಸೇರಿಸಿ, ನೀರು ಚೆನ್ನಾಗಿ ಬಸಿಯುತ್ತದೆ. ಉಪ್ಪು ನೀರಿನಿಂದ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟತೊಡಗಿದರೆ, ಹದಿನೈದು ದಿನಕ್ಕೊಮ್ಮೆ ತಳದ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಕೊಡಿ. ಹಿಡಿದಿಟ್ಟ ಮಳೆನೀರಿದ್ದರೆ ಇನ್ನೂ ಒಳ್ಳೆಯದು. ಹೂವಿನ ನಿರೀಕ್ಷೆಯನ್ನು ಸಂಕ್ರಾಂತಿಯ ನಂತರಕ್ಕೆ ಇಟ್ಟುಕೊಳ್ಳಿ. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತಾ ಹೊರಟಿತೆಂದರೆ ಗಿಡದ ಒಳ್ಳೆಯ ದಿನಗಳೂ ಮುಗಿಯುತ್ತಾ ಬಂದವೆಂದು ತಿಳಿಯಿರಿ.

ಗೇಟಿನಿಂದ ಕಟ್ಟೆಯವರೆಗಿನ ಸಾಲಿಗೆ ನನ್ನ ಆಯ್ಕೆ ನರ್ಸರಿಯವರು ‘ಬ್ಲೂ ಡೇಜ್’ ಎಂದು ಮಾರುವ ಎವಾಲ್ವುಲಸ್. ನಮ್ಮ ಮಸಾರಿ ಹೊಲದ ಬದುಗಳಲ್ಲಿ ನೆಲಕ್ಕಂಟಿ ಬೆಳೆಯುವ ವಿಷ್ಣುಕ್ರಾಂತಿಯ ದಾಯಾದಿ ಇದು. ಒಂದಡಿ ಎತ್ತರ, ಬೂದು ರೋಮದ ಎಲೆ, ಅಪ್ಪಟ ನೀಲಿ ಹೂ. ನಿಮಗೆ ಮೆಚ್ಚಿಗೆಯಾದ ಬಣ್ಣಗಳ ಜೋಡಿ ಬಹುಪಾಲು ಇಲ್ಲೇ ಸಿಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೂ ಮುಚ್ಚಿಕೊಳ್ಳುತ್ತದೆ, ಸಂಜೆ ಬರುವ ನೆಂಟರಿಗೆ ಕಾಣದು ಎಂಬುದೊಂದೇ ಕೊರತೆ. ಕಾಲುದಾರಿಯ ಬದಿಯಲ್ಲಿ ಒಂದಡಿ ಎರೆಮಣ್ಣು ತೆಗೆಸಿ, ಮಸಾರಿಗೆ ಗರಸು ಬೆರೆಸಿ, ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ಏರಿಸಿ. ಹಣ ಖರ್ಚಾಗುವುದೂ ಮೈ ಮುರಿಯುವುದೂ ಈ ಒಂದು ಕೆಲಸಕ್ಕೆ. ಒಂದೂವರೆ ಅಡಿಗೊಂದರಂತೆ ಮುಂಗಾರಿನಲ್ಲಿ ನೆಟ್ಟರೆ ಬೇಸಿಗೆಯ ಹೊತ್ತಿಗೆ ಬೇರು ಇಳಿದಿರುತ್ತದೆ. ಆಮೇಲೆ ಬೇಸಿಗೆಯಲ್ಲಿ ವಾರಕ್ಕೆರಡು ಮೂರು ಸಲ ನೀರು, ಮಳೆ ಹಿಡಿಯುವ ಮುನ್ನ ಒಮ್ಮೆ ಕತ್ತರಿ.

ಹಿಂದುಗಡೆ ಎತ್ತರದ ಸಾಲು ಬೇಕೆನಿಸಿದರೆ ತಿಳಿನೀಲಿ ಪ್ಲಂಬಾಗೋ ಹಾಕಿ. ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಎಷ್ಟು ಕತ್ತರಿಸಿದರೂ ನಷ್ಟವಿಲ್ಲ. ಜೇನುನೊಣವೇ ಮುಖ್ಯವಾದರೆ ನಡುನಡುವೆ ಕಾಮಕಸ್ತೂರಿಯ ನಾಲ್ಕು ಗಿಡ ಸಾಕು. ಅದೂ ಕ್ಯಾಟ್‌ಮಿಂಟ್‌ನ ಕುಟುಂಬದ್ದೇ. ನರ್ಸರಿಯಲ್ಲಿ ನೀಲಿ ರುಯೆಲಿಯಾವನ್ನೂ ತೋರಿಸುತ್ತಾರೆ. ಬಿಸಿಲಿಗೆ ಜಗ್ಗದು ನಿಜ, ಆದರೆ ಬೀಜ ಸಿಡಿಸಿ ಕಂಡಲ್ಲೆಲ್ಲ ಏಳುತ್ತದೆ. ಆರೈಕೆ ಕೇಳದ ಪರದೇಶಿ ಗಿಡ ಏನು ಮಾಡಬಲ್ಲದೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳ ಹಳ್ಳಕೊಳ್ಳಗಳನ್ನು ತುಂಬಿಕೊಂಡು ನಿಂತಿದೆ.

ಪ್ರಶ್ನೆ: ಜನವರಿಯಲ್ಲಿ ಬೆಂಗಳೂರಿನ ನರ್ಸರಿಯೊಂದರಿಂದ ಕ್ಯಾಟ್‌ಮಿಂಟ್ ಕುಂಡ ತಂದೆ. ಫೆಬ್ರವರಿಯವರೆಗೆ ತುಂಬ ಹೂವಿತ್ತು. ಈಗ ಏಪ್ರಿಲ್‌ನಲ್ಲಿ ಬುಡದ ಎಲೆಗಳು ಕಂದಾಗಿ, ಕೊಂಬೆಗಳು ಜೋತುಬಿದ್ದಿವೆ. ದಿನಕ್ಕೆರಡು ಸಲ ನೀರು ಹಾಕುತ್ತಿದ್ದೇನೆ. ಸ್ವಲ್ಪ ಡಿಎಪಿ ಕೊಡಲೇ?
ಓದುಗರು, ಸಿಂಧನೂರು

ಉತ್ತರ: ಡಿಎಪಿ ಹೊಲಕ್ಕಿರಲಿ, ಯೂರಿಯಾವೂ ಅಷ್ಟೇ. ಮನೆಯಲ್ಲಿ ಗೊಬ್ಬರದ ಚೀಲ ಇದ್ದಾಗ ಕುಂಡಕ್ಕೂ ಒಂದು ಹಿಡಿ ಎರಚುವ ಚಪಲ ರೈತ ಕುಟುಂಬಗಳಲ್ಲಿ ಸಹಜ. ಆದರೆ ಇದು ಬಡ ಮಣ್ಣಿನಲ್ಲಿ ಗಟ್ಟಿಯಾಗುವ ಗಿಡ. ಗೊಬ್ಬರ ಹೆಚ್ಚಿದರೆ ಉದ್ದುದ್ದ ಬೆಳೆದು, ನಡುವೆ ಬಾಯಿಬಿಟ್ಟು ಬೀಳುತ್ತದೆ.

ಮೊದಲು ಬೆರಳನ್ನು ಎರಡು ಇಂಚು ಮಣ್ಣಿಗಿಳಿಸಿ ನೋಡಿ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ನೀರು ಹೆಚ್ಚಾಗಿ ಬೇರು ಕೊಳೆತಿದೆ. ದಿನಕ್ಕೆರಡು ಸಲ ಎಂದಿರುವುದರಿಂದ ನನ್ನ ಅನುಮಾನವೂ ಅದೇ. ಗಿಡವನ್ನು ಮೆಲ್ಲಗೆ ಹೊರಗೆಳೆಯಿರಿ. ಬೇರು ಕಪ್ಪಾಗಿ, ಹಿಸುಕಿದರೆ ಸಿಪ್ಪೆ ಜಾರುವಂತಿದ್ದರೆ ತಿಪ್ಪೆಗೆ ಹಾಕಿ, ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ. ಬೇರು ಬೆಳ್ಳಗಿದ್ದರೆ, ಹಸಿರು ಚಿಗುರು ಉಳಿಯುವಂತೆ ನೋಡಿಕೊಂಡು ನಾಲ್ಕು ಇಂಚಿಗೆ ಕತ್ತರಿಸಿ. ಬೆಳಗಿನ ಒಂಬತ್ತು, ಹತ್ತರವರೆಗಿನ ಬಿಸಿಲು ಮಾತ್ರ ತಾಗುವ ಪೂರ್ವ ದಿಕ್ಕಿಗಿಡಿ. ಕಡಪಾ ಕಲ್ಲಿನ ಮೇಲೆ ನೇರವಾಗಿ ಇಡಬೇಡಿ, ತಗಡಿನ ಶೆಡ್ಡಿನ ಕೆಳಗಂತೂ ಬೇಡವೇ ಬೇಡ. ಮೇಲ್ಮಣ್ಣು ಒಣಗಿದಾಗ ಬೆಳಗ್ಗೆ ಒಮ್ಮೆ ನೀರು ಕೊಟ್ಟರಾಯಿತು.

ಉಳಿಯುವ ಸಾಧ್ಯತೆ ಕಡಿಮೆ ಎಂದು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಸಿಂಧನೂರು ಅದರ ಅರ್ಧದಷ್ಟೂ ಇಲ್ಲ. ಅಲ್ಲಿಯ ನರ್ಸರಿಯಲ್ಲಿ ನಳನಳಿಸುವುದೆಲ್ಲ ತುಂಗಭದ್ರೆಯ ಬಯಲಿಗೆ ಹೊಂದಬೇಕೆಂದಿಲ್ಲ. ಮುಂದಿನ ಸಲ ನವೆಂಬರಿನಲ್ಲೇ ತನ್ನಿ, ಚಳಿಯ ದಿನಗಳು ಪೂರ್ತಿ ಸಿಗುತ್ತವೆ.

ಪ್ರಶ್ನೆ: ಕ್ಯಾಟ್‌ನಿಪ್ ಸಸಿ ತಂದಿಟ್ಟ ರಾತ್ರಿಯೇ ಓಣಿಯ ಬೆಕ್ಕುಗಳು ಅದರ ಮೇಲೆ ಹೊರಳಾಡಿ ನೆಲಸಮ ಮಾಡಿದವು. ಆದರೆ ನಮ್ಮ ಮನೆಯ ಮುದಿ ಬೆಕ್ಕು ಮೂಸಿಯೂ ನೋಡಲಿಲ್ಲ. ಹೀಗೇಕೆ? ಬೆಕ್ಕಿಗೇನಾದರೂ ಅಪಾಯವೇ?
ಕಾಲೇಜು ವಿದ್ಯಾರ್ಥಿ, ಕೊಪ್ಪಳ

ಉತ್ತರ: ಎಲೆಯಲ್ಲಿರುವ ನೆಪೆಟಲ್ಯಾಕ್ಟೋನ್ ಎಂಬ ಪರಿಮಳದ ವಸ್ತುವಿನ ಆಟ ಇದು. ಅದಕ್ಕೆ ಮರುಳಾಗುವ ಗುಣ ಹುಟ್ಟಿನಿಂದ ಬರುವಂಥದು. ಸರಿಸುಮಾರು ಮೂರರಲ್ಲಿ ಎರಡು ಬೆಕ್ಕುಗಳಿಗೆ ಅದು ಇರುತ್ತದೆ, ನಿಮ್ಮ ಮುದಿ ಬೆಕ್ಕು ಉಳಿದ ಒಂದು ಪಾಲಿಗೆ ಸೇರಿದ್ದಿರಬೇಕು. ಹತ್ತು ಹದಿನೈದು ನಿಮಿಷ ಹೊರಳಾಡಿ ತಣ್ಣಗಾಗುತ್ತವೆ, ಅಪಾಯವಿಲ್ಲ. ತೀರಾ ಹೆಚ್ಚು ತಿಂದರೆ ವಾಂತಿ ಮಾಡಿಕೊಂಡಾವು.

ಸಸಿ ಬಲಿಯುವವರೆಗೆ ಸುತ್ತ ಬಳ್ಳಾರಿ ಜಾಲಿಯ ನಾಲ್ಕು ಮುಳ್ಳುಕೊಂಬೆ ಚುಚ್ಚಿ. ಮೇಲೆ ಅದನ್ನು ಬೈದವನೇ ಈಗ ಅದರ ಉಪಯೋಗ ಹೇಳಬೇಕಾಗಿದೆ. ಕೊಂಬೆ ಕಡಿಯುವಾಗ ಕೈ ಜೋಪಾನ, ಆ ಮುಳ್ಳು ಚುಚ್ಚಿದರೆ ಬಾವು ಬರುತ್ತದೆ. ಬೇಡವಾದರೆ ತಂತಿ ಬುಟ್ಟಿಯೊಂದನ್ನು ಬೋರಲು ಹಾಕಿ ಮೇಲೊಂದು ಕಲ್ಲಿಡಿ.

ಪ್ರಶ್ನೆ: ಕಿಟಕಿಯ ಬಳಿ ಕ್ಯಾಟ್‌ಮಿಂಟ್ ಕುಂಡ ಇಟ್ಟರೆ ಸೊಳ್ಳೆ ಬರುವುದಿಲ್ಲವಂತೆ, ಹೌದೇ?
ಗೃಹಿಣಿ, ಬಳ್ಳಾರಿ

ಉತ್ತರ: ಬರುತ್ತವೆ. ಎಲೆಯಿಂದ ತೆಗೆದ ಎಣ್ಣೆಗೆ ಸೊಳ್ಳೆಯನ್ನು ದೂರವಿಡುವ ಗುಣವಿದೆ, ಸುಮ್ಮನೆ ನಿಂತ ಗಿಡದಿಂದ ಕೋಣೆ ಕಾಯುವಷ್ಟು ಪರಿಮಳ ಹೊರಡುವುದಿಲ್ಲ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಓಣಿಗಳಲ್ಲಿ ಎಲ್ಲರೂ ಡ್ರಮ್ಮು ತುಂಬಿಡುತ್ತಾರೆ, ಡೆಂಗಿ ಸೊಳ್ಳೆ ಹುಟ್ಟುವುದು ಅಲ್ಲೇ. ಡ್ರಮ್ಮಿಗೆ ಬಿಗಿಯಾಗಿ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನೂ ಚೆಲ್ಲಿ.