‘ಪ್ರಯತ್ನಿಸುತ್ತೇನೆ’ ಎಂದವನಿಗೆ ಸಿಕ್ಕ ಪ್ರಮಾಣಪತ್ರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಐದು ತಿಂಗಳಾಯಿತು, ರಾತ್ರಿ ಒಂದರವರೆಗೆ ಕುಳಿತು ಕೆಲಸ ಮುಗಿಸಿದರೂ ಮ್ಯಾನೇಜರ್ ಬಾಯಿಂದ ಒಂದು ಒಳ್ಳೆಯ ಮಾತಿಲ್ಲ, ಪ್ರೊಬೇಷನ್ ಮುಗಿಯಲು ಇನ್ನೊಂದೇ ತಿಂಗಳು, ಉಳಿಸಿಕೊಳ್ಳುತ್ತಾರೋ ಕಳಿಸುತ್ತಾರೋ ಗೊತ್ತಿಲ್ಲ, ಅಷ್ಟಕ್ಕೂ ಈ ಕೆಲಸಕ್ಕೆ ಅರ್ಥವಾದರೂ ಏನು ಎಂದು ಕೇಳಿದ್ದೀರಿ. ನಾನು ಇದೇ ಊರಿನಲ್ಲಿ ಹದಿನೇಳು ವರ್ಷ ಕಳೆದವನು. ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ಆ ಮೌನದ ವಿಷಯ. ನೀವು ಬಂದಿರುವುದು ಸ್ವಾಬಿಯನ್ನರ, ಅಂದರೆ ಈ ನೈಋತ್ಯ ಜರ್ಮನಿಯ ಜನರ, ಸೀಮೆಗೆ. ಬೈಯದಿದ್ದರೆ ಅದೇ ಬೇಕಾದಷ್ಟು ಹೊಗಳಿಕೆ ಎಂಬುದು ಇವರ ಗಾದೆ. ನಮ್ಮ ಹಳೆಯ ಕಾಲದ ಗಣಿತದ ಮೇಷ್ಟರುಗಳನ್ನು ನೆನಪಿಸಿಕೊಳ್ಳಿ, ಗಾಬರಿ ಕಡಿಮೆಯಾಗುತ್ತದೆ. ಇಲ್ಲಿನವರು ತಪ್ಪು ಕಂಡರೆ ಹತ್ತು ಜನರ ಮುಂದೆಯೇ ಹೇಳುತ್ತಾರೆ, ಹತ್ತು ನಿಮಿಷ ಬಿಟ್ಟು ಏನೂ ಆಗದವರಂತೆ ಊಟಕ್ಕೆ ಕರೆಯುತ್ತಾರೆ. ಮೊದಲ ಸಲ ಹೀಗಾದಾಗ ನಾನು ಮುನಿಸಿಕೊಂಡು ಎರಡು ದಿನ ಒಬ್ಬನೇ ಉಂಡೆ. ನಾನು ಮುನಿಸಿಕೊಂಡಿದ್ದೇನೆ ಎಂಬುದೇ ಅವರಿಗೆ ತಿಳಿಯಲಿಲ್ಲ.

ಇನ್ನು ಕೆಲಸ ಮುಗಿಸಿ ರಾತ್ರಿ ಒಂದು ಗಂಟೆಗೆ ನೀವು ಕಳಿಸುವ ಆ ಮೇಲ್. ದಯವಿಟ್ಟು ನಿಲ್ಲಿಸಿ. ಈ ದೇಶದ ಕಾನೂನಿನಲ್ಲಿ ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ 11 ಗಂಟೆಗಳ ಬಿಡುವು ಇರಬೇಕು. ದಿನದ ದುಡಿಮೆ 8 ಗಂಟೆ, ಹೆಚ್ಚೆಂದರೆ 10. ನೀವು ಒಂದಕ್ಕೆ ಮೇಲ್ ಕಳಿಸಿ ಬೆಳಿಗ್ಗೆ ಒಂಬತ್ತಕ್ಕೆ ಕಚೇರಿಯಲ್ಲಿ ಕುಳಿತರೆ ಮ್ಯಾನೇಜರಿಗೆ ನಿಮ್ಮ ನಿಷ್ಠೆ ಕಾಣಿಸುವುದಿಲ್ಲ, ತಮ್ಮ ಕೊರಳಿಗೆ ಬರಬಹುದಾದ ತಕರಾರು ಕಾಣಿಸುತ್ತದೆ. ಜ್ವರವಿದ್ದಾಗಲೂ ಮನೆಯಿಂದ ಲಾಗಿನ್ ಆದೆ ಎಂದು ಬರೆದಿದ್ದೀರಿ. ಇಲ್ಲಿ ರಜೆಯ ಪ್ರವಾಸದಲ್ಲಿ ಕಾಯಿಲೆ ಬಿದ್ದರೂ, ವೈದ್ಯರ ಚೀಟಿ ಇದ್ದರೆ, ಆ ದಿನಗಳು ರಜೆಯ ಲೆಕ್ಕಕ್ಕೆ ಸೇರುವುದಿಲ್ಲ. ನಿಮ್ಮ ತ್ಯಾಗವನ್ನು ಜಮಾ ಮಾಡಿಕೊಳ್ಳಲು ಇವರ ಲೆಕ್ಕದ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.

ಇದೆಲ್ಲ ನನಗೆ ತಿಳಿದ ಬಗೆ ಹೇಳಬೇಕು. ಕೆಲಸ ಬಿಡುವ ನೌಕರ ಲಿಖಿತ ಪ್ರಮಾಣಪತ್ರ ಕೇಳಿ ಪಡೆಯುವುದು ಇಲ್ಲಿ ಅವನ ಹಕ್ಕು. ಮೂರು ವರ್ಷ ದುಡಿದು ಮೊದಲ ಕಂಪನಿ ಬಿಟ್ಟಾಗ ನನಗೂ ಒಂದು ಸಿಕ್ಕಿತು. ‘ವಹಿಸಿದ ಕೆಲಸಗಳನ್ನು ನೆರವೇರಿಸಲು ಅವರು ಸದಾ ಪ್ರಯತ್ನಿಸಿದರು’ ಎಂದಿತ್ತು. ನಾನು ಹಿಗ್ಗಿ ಹೋದೆ. ಅದೇ ಸಂಜೆ ತಿಪಟೂರಿಗೆ ಫೋನ್ ಮಾಡಿ ಅಪ್ಪನಿಗೆ ಕನ್ನಡ ಮಾಡಿ ಓದಿ ಹೇಳಿದೆ, ಅಪ್ಪ ಅಕ್ಕಪಕ್ಕದವರಿಗೆಲ್ಲ ಹೇಳಿದರು. ಮರುವಾರ ಜರ್ಮನ್ ಗೆಳೆಯನಿಗೆ ತೋರಿಸಿದರೆ ಅವನ ಮುಖ ಸಣ್ಣದಾಯಿತು. ‘ಇದನ್ನು ಯಾರಿಗೂ ತೋರಿಸಬೇಡ’ ಎಂದ.

ಸಂಗತಿ ಏನೆಂದರೆ, ನೌಕರನ ಮುಂದಿನ ದಾರಿಗೆ ಅನಗತ್ಯವಾಗಿ ಕಲ್ಲು ಹಾಕುವಂತೆ ಪ್ರಮಾಣಪತ್ರ ಬರೆಯುವಂತಿಲ್ಲ. ಹಾಗಾಗಿ ನಿಂದೆಯೂ ಇಲ್ಲಿ ಸ್ತುತಿಯ ವೇಷ ಹಾಕಿಕೊಂಡೇ ಬರುತ್ತದೆ. ‘ಸದಾ ನಮಗೆ ಪರಿಪೂರ್ಣ ತೃಪ್ತಿಯಾಗುವಂತೆ’ ಎಂದರೆ ಮೊದಲ ದರ್ಜೆ. ಬರೀ ‘ತೃಪ್ತಿಯಾಗುವಂತೆ’ ಎಂದರೆ ಹೇಗೋ ಪಾಸು. ‘ಪ್ರಯತ್ನಿಸಿದರು’ ಎಂದರೆ ಕೈಲಾಗಲಿಲ್ಲ ಎಂದರ್ಥ.

ಎರಡು ದಿನ ಕುದಿದೆ. ಆಮೇಲೆ ಹೊಳೆಯಿತು, ಆ ಮಾತು ಅವರದಲ್ಲ, ನನ್ನದೇ. ಮೂರು ವರ್ಷ, ಪ್ರತಿ ಸಭೆಯಲ್ಲೂ, ಯಾವ ಕೆಲಸ ಕೇಳಿದರೂ ನಾನು ಕೊಟ್ಟ ಉತ್ತರ ‘ಪ್ರಯತ್ನಿಸುತ್ತೇನೆ’. ನಮ್ಮಲ್ಲಿ ‘ನೋಡೋಣ’ ಎಂದರೆ ಆಗುವುದಿಲ್ಲ ಎಂದು ಕೇಳಿದವನಿಗೂ ಗೊತ್ತು, ಹೇಳಿದವನಿಗೂ ಗೊತ್ತು; ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಇಲ್ಲಿ ‘ನೋಡೋಣ’ ಎಂದರೆ ಶುಕ್ರವಾರ ಬಂದು ‘ನೋಡಿದೆಯಾ?’ ಎನ್ನುತ್ತಾರೆ. ಆಗದ ಕೆಲಸಗಳನ್ನು ಒಪ್ಪಿಕೊಳ್ಳುತ್ತಾ ಹೋದೆ, ರಾತ್ರಿಗಳನ್ನು ಸುಟ್ಟೆ, ಆದರೂ ಗಡುವುಗಳು ತಪ್ಪಿದವು. ‘ಇದು ಈ ವಾರ ಮುಗಿಯುವುದಿಲ್ಲ, ಮುಂದಿನ ಬುಧವಾರ ಕೊಡುತ್ತೇನೆ’ ಎಂದಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಬುಧವಾರ ಕೊಡಬೇಕಿತ್ತು, ಅಷ್ಟೇ.

ನಿಮ್ಮ ಪ್ರೊಬೇಷನ್ ಚಿಂತೆಗೂ ನನ್ನ ಉತ್ತರ ಇದೇ. ಕೊನೆಯ ದಿನದವರೆಗೆ ಕಾಯಬೇಡಿ. ನಾಳೆಯೇ ಅರ್ಧ ಗಂಟೆ ಕೇಳಿ ಕುಳಿತು, ನನ್ನ ಕೆಲಸದಲ್ಲಿ ಏನು ಸರಿಯಿಲ್ಲ ಎಂದು ನೇರವಾಗಿ ಕೇಳಿ. ಹೇಳುತ್ತಾರೆ. ಕೇಳಿಸಿಕೊಳ್ಳಲು ಗಟ್ಟಿ ಎದೆ ಬೇಕು.

ಅರ್ಥದ ಪ್ರಶ್ನೆಗೆ ನನ್ನಲ್ಲಿ ಅಷ್ಟು ಖಚಿತ ಉತ್ತರವಿಲ್ಲ. ಕೆಲಸ ಮುಗಿದ ಮೇಲಿನ ಹೊತ್ತಿಗೆ ಜರ್ಮನ್ನರು ‘ಫೈಯರ್‌ಆಬೆಂಡ್’ ಎನ್ನುತ್ತಾರೆ, ಬಿಡಿಸಿದರೆ ಹಬ್ಬದ ಸಂಜೆ. ನಾನು ರಾತ್ರಿಯ ದುಡಿಮೆ ಬಿಟ್ಟಾಗ ಆ ಸಂಜೆಗಳು ಹಬ್ಬದಂತಿರಲಿಲ್ಲ, ಸೂತಕದಂತಿದ್ದವು. ಐದೂವರೆಗೆ ಮನೆ, ಮಾಡಲು ಏನೂ ಇಲ್ಲ. ಕಾಯಕವೇ ಕೈಲಾಸ ಎಂಬುದನ್ನು ನಮ್ಮ ಪೀಳಿಗೆ ಕಚೇರಿಯೇ ಕೈಲಾಸ ಎಂದು ಓದಿಕೊಂಡಿತೋ ಏನೋ. ಜರ್ಮನ್ ತರಗತಿಗೆ ಸೇರಿದ್ದು ಆ ಖಾಲಿತನ ತಾಳಲಾರದೆ. ಬ್ಲೂ ಕಾರ್ಡ್, ಅಂದರೆ ಹೊರದೇಶದ ನುರಿತ ನೌಕರರಿಗೆ ಕೊಡುವ ವಾಸದ ಪರವಾನಗಿ, ಇರುವ ನಿಮಗೆ ಬಿ1 ಎಂಬ ಮಧ್ಯಮ ಮಟ್ಟದ ಭಾಷೆ ಬಂದರೆ 21 ತಿಂಗಳಲ್ಲೇ ಕಾಯಂ ವಾಸದ ಪರವಾನಗಿಗೆ ದಾರಿಯಿದೆ, ಆ ಲಾಭ ಬೇರೆ. ನೀನು-ನೀವು ಭೇದ ಹುಟ್ಟಿನಿಂದ ಬಲ್ಲ ನಮಗೆ ಇವರ ಡು-ಝೀ ಕಷ್ಟವೇ ಅಲ್ಲ.

ನನ್ನ ಕೆಲಸ ಕಾರಿನ ಗಾಜು ಒರೆಸುವ ವೈಪರ್‌ಗಳ ಮೋಟಾರು. ಹದಿನೇಳು ವರ್ಷ, ಎರಡು ಕಂಪನಿ, ಅದೇ ಮೋಟಾರು. ಮನೆಯವರಿಗೆ ವಿವರಿಸುವುದೂ ನಾಚಿಕೆಯಾಗುತ್ತಿತ್ತು. ಮೂರು ವರ್ಷದ ಹಿಂದೆ ಜುಲೈನಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಆಕಾಶವೇ ಕಳಚಿ ಬಿದ್ದಂತೆ ಮಳೆ. ಬಾಡಿಗೆ ಕಾರಿನ ವೈಪರ್ ಒಂದು ಸಲವೂ ತಡವರಿಸದೆ ಒರೆಸುತ್ತಲೇ ಇತ್ತು. ಅದು ನಮ್ಮ ಮೋಟಾರೇ ಎಂದು ಹೇಳಲಾರೆ. ಕೆಳಗಿಳಿಯುವವರೆಗೆ ನಾನು ಕಾಡು ನೋಡಲಿಲ್ಲ, ಅದನ್ನೇ ನೋಡುತ್ತಾ ಕುಳಿತಿದ್ದೆ. ಹೆಂಡತಿ ಈಗಲೂ ಆಡಿಕೊಂಡು ನಗುತ್ತಾಳೆ.

ಒಂದು ಮಾತು ಮರೆತಿದ್ದೆ. ನಿಮ್ಮ ಹುಟ್ಟುಹಬ್ಬ ಯಾವಾಗ? ಇಲ್ಲಿ ಸಹೋದ್ಯೋಗಿಗಳು ಕೇಕ್ ತರುವುದಿಲ್ಲ, ಹುಟ್ಟಿದವನೇ ಒಯ್ಯಬೇಕು. ನಾನು ಮೊದಲ ವರ್ಷ ಮೈಸೂರು ಪಾಕ್ ಇಟ್ಟು ಕಾದೆ. ಯಾರೂ ಹೊಗಳಲಿಲ್ಲ. ಸಂಜೆ ನೋಡಿದರೆ ಡಬ್ಬಿ ಖಾಲಿಯಾಗಿತ್ತು.