ಜನಪ್ರಿಯ ಹಾಡುಗಳಲ್ಲಿ ಜಾಸ್ತಿ ತಪ್ಪಾಗಿ ಕೇಳಿಸುವ ಸಾಲುಗಳು ಯಾವುವು? ಯಾಕೆ ಹಾಗಾಗುತ್ತದೆ?

ನೀವು ಸಿನಿಮಾ ಹಾಡುಗಳ ಪಟ್ಟಿ ಬರುತ್ತದೆ ಅಂದುಕೊಂಡಿರಬಹುದು. ಆದರೆ ನನ್ನನ್ನು ಕೇಳಿದರೆ, ಕನ್ನಡದಲ್ಲಿ ಅತಿ ಹೆಚ್ಚು ತಪ್ಪಾಗಿ ಕೇಳಿಸುವ ಹಾಡು ನಮ್ಮ ನಾಡಗೀತೆ, ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’. ನಾನು ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ. ಪ್ರಾರ್ಥನೆ ಹೊತ್ತಲ್ಲಿ ಮಕ್ಕಳ ಸಾಲಿನ ಹಿಂದೆ ಹೋಗಿ ನಿಂತರೆ ಸಾಕು, ಒಂದೇ ಪದ ಮೂರು ನಾಲ್ಕು ಥರ ಕಿವಿಗೆ ಬೀಳುತ್ತದೆ.

ಮೊದಲ ಚರಣದಲ್ಲೇ ‘ರಾಘವ ಮಧುಸೂದನರವತರಿಸಿದ’ ಅಂತ ಬರುತ್ತದೆ. ಮಧುಸೂದನರು, ಅವತರಿಸಿದ ಎಂಬ ಎರಡು ಪದ ಅಲ್ಲಿ ಕೂಡಿಕೊಂಡಿವೆ. ಹಾಡುವಾಗ ಹೆಚ್ಚಿನವರು ‘ಮಧುಸೂದನರ’ ಅಂತ ನಿಂತು, ಉಸಿರು ತಗೊಂಡು, ‘ವತರಿಸಿದ’ ಅಂತ ಮುಂದಕ್ಕೆ ಹೋಗುತ್ತಾರೆ. ದೊಡ್ಡವರ ಸಭೆಗಳಲ್ಲೂ ಇದೇ ಕಥೆ. ಕೇಳಿದ ಮಗು ಅದನ್ನೇ ಕಲಿಯುತ್ತದೆ. ಮುಂದೆ ‘ಗೌತಮ ಜಿನನುತ’ ಬಂದರೆ ‘ಜನನುತ’ ಆಗುತ್ತದೆ, ಯಾಕೆಂದರೆ ಜನ ಅಂದರೆ ಎಲ್ಲರಿಗೂ ಗೊತ್ತು, ಜಿನ ಅಂದರೆ ಜೈನರ ತೀರ್ಥಂಕರ ಅನ್ನುವುದು ಎಲ್ಲರಿಗೂ ಗೊತ್ತಿರುವುದಿಲ್ಲ. ‘ವಿದ್ಯಾರಣ್ಯ’ ಆದಮೇಲೆ ಬರುವ ‘ದಿವ್ಯಾರಣ್ಯ’ವನ್ನು ಎಷ್ಟೋ ಮಕ್ಕಳು ಎರಡನೇ ಸಲವೂ ವಿದ್ಯಾರಣ್ಯ ಅಂತಲೇ ಹಾಡುತ್ತಾರೆ. ‘ಪಾರಸಿಕ ಜೈನರುದ್ಯಾನ’ದಲ್ಲಿ ಉದ್ಯಾನ ಕಾಣೆಯಾಗಿ ‘ಜೈನರ ಧ್ಯಾನ’ ಬಂದು ಕೂರುತ್ತದೆ.

ನನಗೆ ತುಂಬಾ ಇಷ್ಟವಾದದ್ದು ‘ಗಾಯಕ ವೈಣಿಕರಾರಾಮ’. ಒಮ್ಮೆ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ಹತ್ತಿರ ಬಂದಳು. “ಮಿಸ್, ವೀಣೆ ನುಡಿಸ್ತಿದ್ದಿದ್ದು ರಾವಣ ಅಲ್ವಾ? ಇಲ್ಲಿ ವೈಣಿಕ ರಾಮ ಅಂತ ಯಾಕಿದೆ?” ಎಷ್ಟು ಚೆಂದ ಯೋಚನೆ ಮಾಡಿದ್ದಾಳೆ ನೋಡಿ. ವೈಣಿಕ ಅಂದರೆ ವೀಣೆ ನುಡಿಸುವವನು ಅನ್ನುವುದು ಅವಳಿಗೆ ಗೊತ್ತಿದೆ. ರಾವಣನ ಕಥೆಯೂ ಗೊತ್ತಿದೆ. ಆರಾಮ ಅಂದರೆ ಹೂದೋಟ ಅನ್ನುವುದೊಂದು ಗೊತ್ತಿಲ್ಲ. ವೈಣಿಕರ ಆರಾಮ ಅಂತ ಬಿಡಿಸಿ ಬೋರ್ಡಿನ ಮೇಲೆ ಬರೆದೆ. ಅವಳು ಒಂದು ಕ್ಷಣ ನೋಡಿ, “ಹಾಗಾದ್ರೆ ಪುಣ್ಯಾರಾಮದಲ್ಲೂ ರಾಮ ಇಲ್ವಾ?” ಅಂದಳು. ಅದೇ ಹಾಡಿನಲ್ಲಿ ‘ಪುಣ್ಯಾರಾಮ’ ಅಂತಲೂ ಬರುತ್ತದೆ. ಇಲ್ಲ, ಅಲ್ಲೂ ತೋಟವೇ. ಒಂದು ಪದ ಬಿಡಿಸಿದ್ದಕ್ಕೆ ಇನ್ನೊಂದನ್ನು ತಾನೇ ಬಿಡಿಸಿಕೊಂಡಳು.

ಯಾಕೆ ಹಾಗಾಗುತ್ತದೆ ಅಂತ ಕೇಳಿದ್ದೀರಿ. ಕನ್ನಡದ ಮಟ್ಟಿಗೆ ಮುಖ್ಯ ಕಾರಣ ಈ ಕೂಡಿಕೆಯೇ. ಊರು, ಊರು ಸೇರಿ ಊರೂರು ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಸಂಧಿ. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ, ಪದ ಎಲ್ಲಿ ಮುಗಿಯಿತು ಅಂತ ಮಾತಿನ ಏರಿಳಿತವೇ ಹೇಳುತ್ತದೆ. ಹಾಡಿನಲ್ಲಿ ಆ ಏರಿಳಿತ ರಾಗದ ಪಾಲಾಗಿಬಿಡುತ್ತದೆ. ತಾಳ ಎಲ್ಲಿ ಬೀಳುತ್ತದೋ, ಉಸಿರು ಎಲ್ಲಿ ನಿಲ್ಲುತ್ತದೋ, ಕಿವಿ ಅಲ್ಲೇ ಪದವನ್ನು ಕತ್ತರಿಸುತ್ತದೆ. ಕತ್ತರಿಸಿದ ತುಂಡಿಗೆ ತನಗೆ ಗೊತ್ತಿರುವ ಪದವನ್ನು ತಂದು ಹೊಂದಿಸುತ್ತದೆ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕು ಅಂತ 2022ರಲ್ಲಿ ಸರ್ಕಾರ ಗೊತ್ತುಮಾಡಿತು. ಅಷ್ಟು ಹೊತ್ತಿನಲ್ಲಿ ಪೂರ್ತಿ ಪದ್ಯ ಮುಗಿಯಬೇಕು. ಹಾಗಾಗಿ ಉಸಿರು ಎಲ್ಲಿ ತಗೋಬೇಕು ಅನ್ನುವುದನ್ನು ಮೊದಲೇ ಹೇಳಿಕೊಡದಿದ್ದರೆ ಮಕ್ಕಳು ಸಿಕ್ಕಿದ ಕಡೆ ತಗೋತಾರೆ, ಪದ ಅಲ್ಲಿ ಮುರಿಯುತ್ತದೆ.

ಇದು ನಮ್ಮ ಭಾಷೆಗೆ ಮಾತ್ರ ಅಂಟಿದ್ದಲ್ಲ. ಇಂಗ್ಲಿಷಿನಲ್ಲಿ ಇಂಥ ತಪ್ಪು ಕೇಳಿಕೆಗೆ ‘ಮಾಂಡೆಗ್ರೀನ್’ ಅಂತ ಹೆಸರೇ ಇದೆ. ಸಿಲ್ವಿಯಾ ರೈಟ್ ಎಂಬ ಅಮೆರಿಕದ ಲೇಖಕಿ 1954ರಲ್ಲಿ ಆ ಪದ ಹುಟ್ಟಿಸಿದರು. ಸ್ಕಾಟ್ಲೆಂಡಿನ ಹಳೆಯ ಲಾವಣಿಯೊಂದರಲ್ಲಿ ಶತ್ರುಗಳು ಒಬ್ಬ ದೊರೆಯನ್ನು ಕೊಂದು ‘ಲೇಯ್ಡ್ ಹಿಮ್ ಆನ್ ದ ಗ್ರೀನ್’, ಅಂದರೆ ಹುಲ್ಲಿನ ಮೇಲೆ ಮಲಗಿಸಿದರು ಅಂತಿದೆ. ಬಾಲಕಿ ಸಿಲ್ವಿಯಾಗೆ ಅದು ‘ಲೇಡಿ ಮಾಂಡೆಗ್ರೀನ್’ ಅಂತ ಕೇಳಿಸಿತ್ತು. ಹಿಂದಿಯ ‘ಕುರ್ಬಾನಿ’ (1980) ಚಿತ್ರದಲ್ಲಿ ನಾಜಿಯಾ ಹಸನ್ ಹಾಡಿದ ‘ಬಾತ್ ಬನ್ ಜಾಯೇ’ ಎಷ್ಟೋ ಜನಕ್ಕೆ ‘ಬಾಪ್ ಬನ್ ಜಾಯೇ’ ಅಂತ ಕೇಳಿಸುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅಲ್ಲೂ ಜೋಡಣೆಯದ್ದೇ ಕೆಲಸ. ‘ತ್’ ಹೇಳಿ ಮುಗಿಸುವ ಮೊದಲೇ ಮುಂದಿನ ‘ಬ’ಗಾಗಿ ತುಟಿ ಮುಚ್ಚಿಕೊಳ್ಳುತ್ತದೆ, ಕಿವಿಗೆ ‘ಪ್’ ಆಗಿ ತಲುಪುತ್ತದೆ.

ದಾಸರ ಪದಗಳಿಗೆ ಬಂದರೆ ವಿಷಯ ಇನ್ನೂ ಸ್ವಾರಸ್ಯ. ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಗೊತ್ತಿಲ್ಲದ ಮನೆಯಿಲ್ಲ. 1983ರ ‘ನೋಡಿ ಸ್ವಾಮಿ ನಾವಿರೋದು ಹೀಗೆ’ ಚಿತ್ರದಲ್ಲಿ ಭೀಮಸೇನ ಜೋಶಿಯವರ ದನಿಯಲ್ಲಿ ಬಂದ ಮೇಲಂತೂ ಅದು ಬೀದಿಬೀದಿಯಲ್ಲಿ ಕೇಳಿತು. ಅದರಲ್ಲಿ ‘ಹೆಜ್ಜೆಯನಿಕ್ಕುತ’ ಅಂತಿದೆ. ಹೆಜ್ಜೆಯನು ಇಕ್ಕುತ, ಅಂದರೆ ಹೆಜ್ಜೆ ಇಡುತ್ತಾ. ಹಳ್ಳಿ ಕಡೆ ಈಗಲೂ ‘ಅನ್ನ ಇಕ್ಕು’ ಅಂತಾರಲ್ಲ, ಅದೇ ಇಕ್ಕು. ಆದರೆ ಕೇಳಿಸುವುದು ‘ಹೆಜ್ಜೆಯ ನಿಕ್ಕುತ’. ಭಜನೆ ಪುಸ್ತಕಗಳಲ್ಲೂ ಹೀಗೇ ಬಿಡಿಸಿ ಅಚ್ಚು ಹಾಕಿದ್ದನ್ನು ನೋಡಿದ್ದೇನೆ. ನನಗೆ ಬೇಜಾರಾಗುವುದು ಇಲ್ಲಿ. ಹಾಡುವಾಗ ಆಗುವ ತಪ್ಪು ಗಾಳಿಯಲ್ಲಿ ಹೋಗುತ್ತದೆ, ಅಚ್ಚಾದದ್ದು ಮುಂದಿನವರಿಗೂ ಹೋಗುತ್ತದೆ. ‘ಕನಕವೃಷ್ಟಿಯ ಕರೆಯುತ’ ಅನ್ನುವಲ್ಲಿ ಪದ ಸರಿಯಾಗಿಯೇ ಕೇಳಿಸುತ್ತದೆ, ಆದರೆ ಜನ ‘ಕೂಗಿ ಕರೆಯುತ್ತಾ’ ಅಂತ ತಿಳಿಯುತ್ತಾರೆ. ಇದು ಮಳೆಗರೆಯುವ ಕರೆ. ಲಕ್ಷ್ಮಿ ಚಿನ್ನದ ಮಳೆ ಸುರಿಸುತ್ತಾ ಬರಬೇಕು.

ಅನುಮಾನ ಬಂದಾಗ ನಾನು ನೋಡುವುದು ಪ್ರಾಸ. ದಾಸರ ಪದಗಳಲ್ಲಿ ಸಾಮಾನ್ಯವಾಗಿ ಸಾಲಿನ ಎರಡನೇ ಅಕ್ಷರ ಒಂದೇ ಇರುತ್ತದೆ. ಹೆಜ್ಜೆ, ಗೆಜ್ಜೆ, ಸಜ್ಜನ, ಮಜ್ಜಿಗೆ. ಸಕ್ಕರೆ, ಅಕ್ಕರೆ, ಚೊಕ್ಕ. ಈಗ ಇದೇ ಹಾಡಿನ ಇನ್ನೊಂದು ಚರಣ ನೋಡಿ. ಕೆಲವರು ‘ಸಂಖ್ಯೆಯಿಲ್ಲದ ಭಾಗ್ಯವ ಕೊಟ್ಟು’ ಅಂತ ಹಾಡುತ್ತಾರೆ, ಕೆಲವರು ‘ಶಂಕೆಯಿಲ್ಲದ’ ಅಂತಾರೆ. ಲೆಕ್ಕವಿಲ್ಲದಷ್ಟು ಭಾಗ್ಯ, ಅನುಮಾನವಿಲ್ಲದ ಭಾಗ್ಯ, ಎರಡೂ ಅರ್ಥ ಒಪ್ಪುತ್ತದೆ. ಮುಂದಿನ ಸಾಲುಗಳ ಮೊದಲ ಪದಗಳು ಕಂಕಣ, ಕುಂಕುಮಾಂಕಿತೆ, ವೆಂಕಟರಮಣ. ಎಲ್ಲ ಕಡೆ ‘ಕ’. ಹಾಗಾಗಿ ನನ್ನ ಮತ ‘ಶಂಕೆ’ಗೆ. ಕ, ಖ ಸೇರಿಸಿ ಪ್ರಾಸ ಕಟ್ಟುವುದೂ ಉಂಟು, ಆದ್ದರಿಂದ ‘ಸಂಖ್ಯೆ’ ಅನ್ನುವವರ ಜೊತೆ ಜಗಳಕ್ಕೆ ಹೋಗುವುದಿಲ್ಲ. ಶತಮಾನಗಳ ಕಾಲ ಬಾಯಿಂದ ಬಾಯಿಗೆ ಬಂದ ಪದಗಳಿವು. ಯಾವುದು ತಪ್ಪು ಕೇಳಿಕೆ, ಯಾವುದು ಪಾಠಾಂತರ, ಅಂದರೆ ಅದೇ ಹಾಡಿನ ಇನ್ನೊಂದು ರೂಪ, ಅಂತ ಗೆರೆ ಎಳೆಯುವುದು ಕಷ್ಟ. ಇದೇ ಹಾಡಿನ ‘ಅತ್ತಿತ್ತಗಲದೆ’ ಮತ್ತು ‘ಅತ್ತಿತ್ತಲುಗದೆ’ ವಿಷಯದಲ್ಲಂತೂ ಪ್ರಾಸವೂ ಕೈಕೊಡುತ್ತದೆ, ಎರಡರಲ್ಲೂ ‘ತ್ತ’ ಇದೆ. ಅಲ್ಲಿ ಅರ್ಥ ನೋಡುತ್ತೇನೆ. ಭಕ್ತರ ಮನೆ ಬಿಟ್ಟು ಅಗಲದೆ ಇರು ಅನ್ನುವುದು ಹೆಚ್ಚು ಹೊಂದುತ್ತದೆ.

ಸಿನಿಮಾ ಹಾಡು ಒಂದನ್ನಾದರೂ ಹೇಳಬೇಕಲ್ಲ. ‘ಮುಂಗಾರು ಮಳೆ’ಯಲ್ಲಿ (2006) ಜಯಂತ ಕಾಯ್ಕಿಣಿ ಬರೆದ ‘ಸುರಿಯುವ ಸೋನೆಯು’ ಅನ್ನುವುದನ್ನು ನಮ್ಮ ಮಕ್ಕಳು ‘ಸೇನೆಯು’ ಅಂತ ಹಾಡಿದ್ದು ಕೇಳಿದ್ದೇನೆ. ಬಿಡದೆ ಹನಿಯುವ ಸೋನೆ ಮಳೆಯನ್ನು ಯಾರಾದರೂ ಒಮ್ಮೆ ತೋರಿಸಿ ಹೆಸರು ಹೇಳಿದರೆ ಆ ತಪ್ಪು ಮತ್ತೆ ಆಗುವುದಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ಒಂದು ಕೆಲಸ ಮಾಡಿ. ರಾಗ ಕಲಿಸುವ ಮೊದಲು ಸಾಲನ್ನು ಸುಮ್ನೆ ಮಾತಿನ ಹಾಗೆ ಓದಿಸಿ. ಕೂಡಿದ ಪದವನ್ನು ಬಿಡಿಸಿ ಒಮ್ಮೆ, ಸೇರಿಸಿ ಒಮ್ಮೆ ಹೇಳಿಸಿ. ಉಸಿರು ತಗೊಳ್ಳುವ ಕಡೆ ಪೆನ್ಸಿಲ್ಲಿನಲ್ಲಿ ಸಣ್ಣ ಗೀಟು ಹಾಕಿ. ಆಮೇಲೆ ರಾಗ. ‘ಜೈನರುದ್ಯಾನ’ದಿಂದ ಶುರು ಮಾಡಿದರೆ ಸುಲಭ. ‘ಮಧುಸೂದನರವತರಿಸಿದ’ ಕೊನೆಗಿರಲಿ, ಅದಕ್ಕೆ ‘ರಾಘವ’ಕ್ಕೆ ಮೊದಲೇ ಪೂರ್ತಿ ಉಸಿರು ತುಂಬಿಕೊಳ್ಳಬೇಕು.